ಬಡತನ ಒಂದೇ ಕಾರಣ ಅಲ್ಲ

ಅಮೆರಿಕದಲ್ಲಿ ಕಪ್ಪು ಬಾಣಂತಿಯರು ಜಾಸ್ತಿ ಸಾಯುವುದು ಬಡತನದಿಂದ ತಾನೇ, ಡಲ್ಲಾಸ್‌ನಲ್ಲಿರುವ ಬಸುರಿ ತಂಗಿಗೆ ಏನು ಹೇಳಲಿ ಅಂತ ಕೇಳಿದ್ದೀರಿ.

ಬಡತನವೂ ಇದೆ, ಆದರೆ ಕಪ್ಪು ಟೆನಿಸ್ ತಾರೆ ಸೆರೆನಾ ವಿಲಿಯಮ್ಸ್‌ಗೆ ದುಡ್ಡಿಗೇನು ಕಡಿಮೆ? 2017ರಲ್ಲಿ ಸಿಸೇರಿಯನ್ ಆದ ಮರುದಿನ ಅವರಿಗೆ ಉಸಿರಾಟ ಕಷ್ಟವಾಯಿತು. ಹಿಂದೆಯೂ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಹಾಗಾಗಿ ಸಿಟಿ ಸ್ಕ್ಯಾನ್ ಮಾಡಿ ಎಂದು ತಾವೇ ಕೇಳಿದರು. ನೋವಿನ ಔಷಧಿಯಿಂದ ಏನೋ ಮಾತಾಡುತ್ತಿದ್ದಾರೆ ಅಂದುಕೊಂಡರಂತೆ ನರ್ಸ್. ಮೊದಲು ಕಾಲಿನ ಅಲ್ಟ್ರಾಸೌಂಡ್ ಆಯಿತು, ಏನೂ ಸಿಗಲಿಲ್ಲ. ಕೊನೆಗೆ ಸಿಟಿ ಮಾಡಿದಾಗ ಶ್ವಾಸಕೋಶದಲ್ಲಿ ಹೆಪ್ಪು ಕಂಡಿತು.

ಅಮೆರಿಕ ಸರ್ಕಾರದ ಆರೋಗ್ಯ ಸಂಸ್ಥೆ ಸಿಡಿಸಿ ಲೆಕ್ಕದಲ್ಲಿ 2022ರಲ್ಲಿ ಲಕ್ಷ ಹೆರಿಗೆಗೆ ಸತ್ತ ಕಪ್ಪು ತಾಯಂದಿರು 49.5, ಬಿಳಿಯರು 19. ಎಮರ್ಜೆನ್ಸಿಗೆ ಬಂದವರನ್ನು ದುಡ್ಡು ಇರಲಿ ಬಿಡಲಿ ಪರೀಕ್ಷಿಸಲೇಬೇಕು ಎಂಬ ಕಾಯ್ದೆ ಅಲ್ಲಿ 1986ರಿಂದಲೇ ಇದೆ. ಆದರೆ ರೋಗಿ ಹೇಳಿದ್ದನ್ನು ನಂಬಲೇಬೇಕು ಅಂತ ಯಾವ ಕಾಯ್ದೆ ಮಾಡುತ್ತೀರಿ?

ತಂಗಿಗೆ ಇಷ್ಟು ಹೇಳಿ: ಬಿಡದ ತಲೆನೋವು, ಕಣ್ಣು ಮಂಜು, ಎದೆನೋವು, ಉಸಿರಾಟದ ತೊಂದರೆ, ಜಾಸ್ತಿ ರಕ್ತಸ್ರಾವ ಇದ್ದರೆ ಸುಮ್ನೆ ಕೂರಬಾರದು. ಹೆರಿಗೆಯಾಗಿ ತಿಂಗಳುಗಳೇ ಕಳೆದಿದ್ದರೂ "ನನಗೆ ಈಚೆಗೆ ಹೆರಿಗೆ ಆಗಿದೆ" ಎಂದು ಮೊದಲೇ ಹೇಳಲಿ. ಜೊತೆಗೆ ಗಟ್ಟಿಯಾಗಿ ಮಾತಾಡುವವರು ಒಬ್ಬರಿರಲಿ.