ಬಸವನಗುಡಿಯ ಹಳೇ ಮನೆಗಳ ಇತಿಹಾಸ ಹುಡುಕೋದು ಹೇಗೆ? ಅವನ್ನ ಉಳಿಸೋಕೆ ನಮ್ಮಂಥವರಿಂದ ಏನಾದರೂ ಆಗುತ್ತಾ?

ಬಸವನಗುಡಿಗೆ ಬಾಡಿಗೆಗೆ ಬಂದು ಸ್ವಲ್ಪ ದಿನ ಆಗಿದೆ, ಅಷ್ಟರಲ್ಲೇ ನಮ್ಮ ಬೀದಿಯ ಹೆಂಚಿನ ಮನೆಯೊಂದು ನೆಲಸಮ ಆಯ್ತು, ಉಳಿದವುಗಳಿಗೆ ಏನು ಮಾಡಬಹುದು ಅಂತ ಕೇಳಿದ್ದೀರಿ. ನಾನು ಇದೇ ಕಡೆ ಬೆಳೆದವನು. ಹಳೇ ಮನೆಗಳ ಅಳತೆ ತೆಗೆಯೋ ಹುಚ್ಚು ಇದೆ. ಹಾಗಾಗಿ ನೇರವಾಗಿ ಹೇಳಿಬಿಡುತ್ತೇನೆ. ಮನೆ ಉಳಿಸೋದು ಬಹುಪಾಲು ನಿಮ್ಮ ಕೈಯಲ್ಲಿಲ್ಲ. ಹೋಗೋದಕ್ಕೆ ಮುಂಚೆ ಅದನ್ನ ಸರಿಯಾಗಿ ದಾಖಲು ಮಾಡಿಡೋದು ಮಾತ್ರ ಖಂಡಿತ ಇದೆ.

ಯಾಕೆ ಇಲ್ಲ ಅಂದರೆ, ಇಲ್ಲಿ ಮನೆ ಬೀಳೋದು ಯಾರಿಗೋ ಇತಿಹಾಸದ ಮೇಲೆ ದ್ವೇಷ ಅಂತಲ್ಲ. ಅಜ್ಜ ಕಟ್ಟಿಸಿದ ಮನೆ, ಈಗ ಅದಕ್ಕೆ ಆರೋ ಏಳೋ ಜನ ವಾರಸುದಾರರು, ಅದರಲ್ಲಿ ಇಬ್ಬರು ಅಮೆರಿಕದಲ್ಲಿ, ಒಬ್ಬರಿಗೆ ಮಗಳ ಮದುವೆ, ಮನೆಯೊಳಗೆ ಇರೋದು ಎಪ್ಪತ್ತು ದಾಟಿದ ಒಬ್ಬ ಅಕ್ಕ, ಮಳೆಗಾಲ ಬಂದರೆ ಹೆಂಚು ಸರಿಮಾಡೋ ಆಳು ಸಿಗಲ್ಲ. ಸೈಟನ್ನ ಭಾಗ ಮಾಡೋಕೆ ಆಗಲ್ಲ, ಬಿಲ್ಡರ್‌ಗೆ ಕೊಟ್ಟರೆ ತಲೆಗೊಂದು ಫ್ಲಾಟ್ ಬರುತ್ತೆ. ಅಂಥವರ ಹತ್ತಿರ ಹೋಗಿ ಪರಂಪರೆ ಬಗ್ಗೆ ಪಾಠ ಹೇಳಬೇಡಿ. (ಫೇಸ್‌ಬುಕ್ಕಿನಲ್ಲಿ ಹಳೇ ಬೆಂಗಳೂರಿನ ಫೋಟೋಗೆ ಕಣ್ಣೀರು ಹಾಕೋ ಎಷ್ಟೋ ಜನ ಇಂಥದ್ದೇ ಸೈಟಿನ ಮೇಲೆ ಎದ್ದ ಅಪಾರ್ಟ್‌ಮೆಂಟಿನಲ್ಲಿ ಇದ್ದಾರೆ, ಅದು ಬೇರೆ ವಿಷಯ.)

ಹುಡುಕೋಕೆ ಶುರು ಮಾಡೋದು ಎಲ್ಲಿಂದ? ಎಲ್ಲರೂ ಚೆಂದದ ಮನೆಯ ಮುಂದೆ ನಿಂತು ಫೋಟೋ ತೆಗೆಯುತ್ತಾರೆ. ನೀವು ಮನೆಯ ಹಿಂದಕ್ಕೆ ಹೋಗಿ. ಎರಡು ಸಾಲು ಮನೆಗಳ ನಡುವೆ ಒಂದು ಕಿರಿದಾದ ಓಣಿ ಇರುತ್ತೆ, ಈಗ ಅಲ್ಲಿ ಸ್ಕೂಟರ್, ಕಸ, ಎಲ್ಲೋ ಒಂದು ಕಡೆ ಯಾರೋ ಕಟ್ಟಿಕೊಂಡ ಶೆಡ್ಡು. ಅದೇ ಕನ್ಸರ್ವೆನ್ಸಿ ಓಣಿ. ಈ ಬಡಾವಣೆ ಯಾಕೆ ಹುಟ್ಟಿತು ಅನ್ನೋದಕ್ಕೆ ಅದೇ ಸಾಕ್ಷಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯಲ್ಲಿ ಗೋಡೆಗೆ ಗೋಡೆ ಅಂಟಿದ ಮನೆಗಳು, ಗಾಳಿ ಬೆಳಕು ಕಡಿಮೆ, ಜನ ಸಾಲುಸಾಲಾಗಿ ಸತ್ತರು. ಅದಾದ ಮೇಲೆ ಬಸವನಗುಡಿ, ಮಲ್ಲೇಶ್ವರ ಎರಡನ್ನೂ ನೇರ ರಸ್ತೆ, ಅಗಲದ ಸೈಟು, ಮನೆ ಸುತ್ತ ಖಾಲಿ ಜಾಗ ಅಂತ ಲೆಕ್ಕ ಹಾಕಿ ಬೆಳೆಸಿದರು. ತ್ಯಾಗರಾಜನಗರದ ಪ್ಲೇಗಮ್ಮನ ಗುಡಿ ನೋಡಿ ಬನ್ನಿ, ಆ ಭಯ ಎಷ್ಟಿತ್ತು ಅಂತ ಗೊತ್ತಾಗುತ್ತೆ. ಹಿಂದಿನ ಓಣಿ ಇದ್ದದ್ದು ಮಲ ಹೊರುವವರು ಮನೆ ಮುಂದೆ ಕಾಣಿಸದೆ ಬಂದು ಹೋಗಲಿ ಅಂತ. ಸೈಟು ಹಂಚುವಾಗಲೂ ಜಾತಿ ಲೆಕ್ಕಕ್ಕೆ ಬಂತು. ಹೆರಿಟೇಜ್ ವಾಕುಗಳಲ್ಲಿ ಈ ಭಾಗವನ್ನ ಬೇಗ ದಾಟಿಬಿಡುತ್ತಾರೆ. ನೀವು ದಾಟಬೇಡಿ.

ಇನ್ನು ಮನೆಯ ವಯಸ್ಸು. ಕೆಲವು ಮನೆಗಳ ನೆತ್ತಿಯ ಮೇಲೆ ಗಾರೆಯಲ್ಲೇ ಇಸವಿ ಬರೆದಿರುತ್ತೆ, ಕೆಲಸ ಸುಲಭ. ಇಲ್ಲದಿದ್ದರೆ ಹೆಂಚು ನೋಡಿ. ಮಂಗಳೂರು ಹೆಂಚಿನ ಒಳಮೈಯಲ್ಲಿ ಕಾರ್ಖಾನೆಯ ಹೆಸರಿನ ಅಚ್ಚು ಇರುತ್ತೆ. ಬಾಸೆಲ್ ಮಿಷನ್‌ನವರು (ಸ್ವಿಟ್ಜರ್ಲೆಂಡಿನಿಂದ ಬಂದ ಕ್ರೈಸ್ತ ಮಿಷನರಿಗಳು) 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಮೊದಲ ಮಹಾಯುದ್ಧದ ಹೊತ್ತಿಗೆ ಅದು ಅವರ ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟ್ ಪಾಲಾಯಿತು. ಹಾಗಾಗಿ ಯಾವ ಹೆಸರಿದೆ ಅನ್ನೋದರ ಮೇಲೆ ಯುದ್ಧಕ್ಕೆ ಮುಂಚಿನದಾ ಆಮೇಲಿನದಾ ಅಂತ ಒಂದು ಅಂದಾಜು ಸಿಗುತ್ತೆ. ಅಂದಾಜು ಅಷ್ಟೇ, ಯಾಕಂದರೆ ಒಡೆದ ಹೆಂಚು ಬದಲಿಸುವಾಗ ಎಲ್ಲಿಂದಲೋ ಹಳೇದು ತಂದು ಹಾಕಿರುತ್ತಾರೆ. ಒಂದು ಹೆಂಚು ನೋಡಿ ತೀರ್ಮಾನ ಬೇಡ, ಸೂರಿನ ನಾಲ್ಕು ಕಡೆ ನೋಡಿ. ಕಿಟಕಿ, ವರಾಂಡದ ಮೇಲೆ ಟೋಪಿ ಹಾಗೆ ಚೂಪಾಗಿ ಮುಂದೆ ಬಂದಿರೋ ಮರದ ಪಟ್ಟಿಗಳ ಮಂಕಿ ಟಾಪ್ ಇದ್ದರೆ ಅದನ್ನ ಹತ್ತಿರದಿಂದ ಫೋಟೋ ತೆಗೆದಿಡಿ, ಆ ಬಡಗಿ ಕೆಲಸ ಮೊದಲು ಮಾಯವಾಗೋದು. ಊರಿಗೆ ಕರೆಂಟ್ ಬಂದದ್ದು 1905ರಲ್ಲಿ, ಶಿವನಸಮುದ್ರದಿಂದ. ಗೋಡೆಯಲ್ಲಿ ದೀಪ ಇಡೋ ಗೂಡುಗಳು ಜಾಸ್ತಿ ಇದ್ದರೆ ಅದೂ ಒಂದು ಸುಳಿವು.

ಕಾಗದಪತ್ರದ ದಾರಿ ನಿಧಾನ, ಆದರೆ ಅದರಷ್ಟು ಗಟ್ಟಿ ಬೇರೆ ಇಲ್ಲ. ಆನ್‌ಲೈನ್‌ನಲ್ಲಿ ಸಿಗೋ ಇಸಿ (ಆಸ್ತಿಯ ವ್ಯವಹಾರಗಳ ಪಟ್ಟಿ ಇರೋ ಋಣಭಾರ ಪ್ರಮಾಣಪತ್ರ) 2004ರಿಂದ ಈಚಿನದು. ಅದಕ್ಕಿಂತ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಅಲೆಯಬೇಕು. ಸುಮ್ನೆ ಅಲ್ಲಿಗೆ ಓಡೋ ಬದಲು ಮನೆಯವರ ಹತ್ತಿರ ಇರೋ ಹಳೇ ಕ್ರಯಪತ್ರ ಕೇಳಿ. ಅದರಲ್ಲಿ ಚೆಕ್ಕುಬಂದಿ ಅಂತ ಒಂದು ಭಾಗ ಇರುತ್ತೆ: ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಕನ್ಸರ್ವೆನ್ಸಿ, ಉತ್ತರಕ್ಕೆ ಇಂಥವರ ಖಾಲಿ ನಿವೇಶನ, ದಕ್ಷಿಣಕ್ಕೆ ರಸ್ತೆ. ನಾಲ್ಕು ಸಾಲು ಅಷ್ಟೇ. ಆದರೆ ಒಂದು ಪತ್ರದಿಂದ ಅಕ್ಕಪಕ್ಕದ ಮನೆಗಳ ಒಡೆಯರೂ ಸಿಕ್ಕರು, ಯಾವ ಸೈಟು ಆಗ ಖಾಲಿ ಇತ್ತು ಅಂತಲೂ ಗೊತ್ತಾಯ್ತು. ಇಂಥ ಪತ್ರ ಒಂದೇ ಬೀದಿಯಿಂದ ಐದಾರು ಸಿಕ್ಕರೆ ಬೀದಿ ತುಂಬಿದ ಕ್ರಮವೇ ಕಣ್ಣಿಗೆ ಬರುತ್ತೆ. ಪತ್ರ ಕೊಡೋಕೆ ಜನ ಹೆದರುತ್ತಾರೆ, ಸಹಜ, ಆಸ್ತಿ ವಿಷಯ ಅಲ್ವಾ. ಫೋಟೋ ಬೇಡ ಅಂದರೆ ಚೆಕ್ಕುಬಂದಿಯನ್ನ ಮಾತ್ರ ಅವರೆದುರೇ ಬರೆದುಕೊಳ್ಳಿ. ಹೆಸರುಗಳನ್ನ ಇಂಟರ್‌ನೆಟ್ಟಿಗೆ ಹಾಕಬೇಡಿ.

ಮನೆ ನಿಲ್ಲಬೇಕು ಅಂತ ಮನೆಯವರಿಗೇ ಮನಸ್ಸಿದ್ದರೆ ನೀವು ಕೊಡಬಹುದಾದ ದೊಡ್ಡ ಸಹಾಯ ಒಂದು ಸಲಹೆ: ಸುಣ್ಣದ ಗೋಡೆಗೆ ಸಿಮೆಂಟ್ ಹಾಕಿಸಬೇಡಿ ಅಂತ ಹೇಳಿ. ಆ ಗೋಡೆ ತೇವ ಎಳೆಯುತ್ತೆ, ಬಿಡುತ್ತೆ. ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ಕೂತು ಉಪ್ಪು ಬಿಟ್ಟು ಗಾರೆ ಉಬ್ಬಿ ಉದುರುತ್ತೆ. ಆಮೇಲೆ ಮೇಸ್ತ್ರಿಯೇ ಬಂದು "ಗೋಡೆ ಹಾಳಾಗಿದೆ ಸಾರ್, ಕೆಡವಿಬಿಡಿ" ಅಂತಾನೆ. ಮದ್ರಾಸ್ ಟೆರೇಸ್ ಆದರೂ ಅಷ್ಟೇ. ಮರದ ತೊಲೆ, ಅದರ ಮೇಲೆ ಓರೆಯಾಗಿ ನಿಲ್ಲಿಸಿದ ಸಣ್ಣ ಇಟ್ಟಿಗೆ, ಅದರ ಮೇಲೆ ಇಟ್ಟಿಗೆ ಚೂರು ಸುಣ್ಣ ಹಾಕಿ ಬೆಲ್ಲ, ಅಳಲೆಕಾಯಿ ನೀರು ಚಿಮುಕಿಸಿ ದಿನಗಟ್ಟಲೆ ಬಡಿದು ಮಾಡಿದ ತಾರಸಿ ಅದು. ಸೋರಿದರೆ ಸುಣ್ಣದಲ್ಲೇ ರಿಪೇರಿ ಆಗಬೇಕು. ಆ ಕೆಲಸ ಗೊತ್ತಿರೋ ಗಾರೆಯವರು ಕಮ್ಮಿ, ಪರಂಪರೆ ಕಟ್ಟಡಗಳನ್ನ ಉಳಿಸೋಕೆ ಕೆಲಸ ಮಾಡೋ ಸಂಸ್ಥೆ ಇಂಟ್ಯಾಕ್‌ನ ಬೆಂಗಳೂರು ಶಾಖೆಯವರನ್ನ ವಿಚಾರಿಸಿ ನೋಡಿ.

ಕಾನೂನಿನ ಮೇಲೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಅಠಾರ ಕಚೇರಿಯನ್ನ (ಈಗ ಹೈಕೋರ್ಟ್ ಇರೋ ಕೆಂಪು ಕಟ್ಟಡ) 1980ರ ದಶಕದಲ್ಲಿ ಕೆಡವೋಕೆ ಹೊರಟಾಗ ಜನ ಕೋರ್ಟಿಗೆ ಹೋದರು, ಗಲಾಟೆ ಎಬ್ಬಿಸಿದರು, ಅದು ಉಳಿಯಿತು. ಆದರೆ ಅದು ಊರಿಗೆಲ್ಲ ಗೊತ್ತಿದ್ದ ಕಟ್ಟಡ. ಲಾಲ್‌ಬಾಗಿನ ಕೃಂಬಿಗಲ್ ಹಾಲ್ ಸರ್ಕಾರದ್ದೇ ಜಾಗದಲ್ಲಿ ಪಾಳುಬಿದ್ದು 2017ರಲ್ಲಿ ನೆಲಸಮ ಆಯ್ತು. ಹೀಗಿರುವಾಗ ಖಾಸಗಿ ಮನೆಯನ್ನ ಯಾರು ಕಾಯುತ್ತಾರೆ?

ಅದಕ್ಕೇ ದಾಖಲೆ ಅಂದದ್ದು. ಇತಿಹಾಸ ಸಂಶೋಧನೆ ಮಾಡೋ ಬೆಂಗಳೂರಿನ ಹಳೇ ಸಂಸ್ಥೆ ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಶಾಸನಗಳನ್ನ ಕಲ್ಲು ಕಲ್ಲೂ ತ್ರೀಡಿ ಸ್ಕ್ಯಾನ್ ಮಾಡುತ್ತಿದ್ದಾರೆ. ನಾಳೆ ಯಾರೋ ಕಲ್ಲನ್ನ ಚರಂಡಿಗೆ ಹಾಸಿದರೂ ಅಕ್ಷರ ಉಳಿಯುತ್ತೆ. ಮನೆಗೂ ಹಾಗೇ ಮಾಡಬಹುದು, ಮೆಷೀನು ಬೇಕಿಲ್ಲ. ಉದ್ದದ ಟೇಪು, ಗ್ರಾಫ್ ಹಾಳೆ, ಜೊತೆಗೊಬ್ಬರು. ಜಗಲಿಯಿಂದ ಹಿತ್ತಲಿನ ಬಚ್ಚಲವರೆಗೆ ಪ್ರತಿ ಕೋಣೆಯ ಉದ್ದ, ಅಗಲ, ಗೋಡೆಯ ದಪ್ಪ, ಬಾಗಿಲು ಯಾವ ಕಡೆ ತೆರೆಯುತ್ತೆ ಎಲ್ಲ ಬರೆಯಿರಿ. ಒಲೆ ಎಲ್ಲಿತ್ತು, ಹೆರಿಗೆ ಯಾವ ಕೋಣೆಯಲ್ಲಿ ಆಗ್ತಿತ್ತು, ಮುಟ್ಟಾದವರು ಎಲ್ಲಿ ಕೂರ್ತಿದ್ದರು, ಇದನ್ನ ಅಜ್ಜಿಯರನ್ನೇ ಕೇಳಿ. ಗೋಡೆ ನೋಡಿದರೆ ಇದ್ಯಾವುದೂ ಗೊತ್ತಾಗಲ್ಲ. ಮುಂಭಾಗದ ಫೋಟೋ ಭಾನುವಾರ ಬೆಳಗ್ಗೆ ಕಾರುಗಳು ಬಂದು ನಿಲ್ಲೋ ಮುಂಚೆ, ಎದುರು ಫುಟ್‌ಪಾತಿನಿಂದ ನೇರವಾಗಿ ತೆಗೆಯಿರಿ. ಮನೆಯವರು ಒಪ್ಪಿದರೆ ರಸ್ತೆಯ ಹೆಸರು, ತಾರೀಖು ಹಾಕಿ, ಯಾರು ಬೇಕಾದರೂ ನೋಡಬಹುದಾದ ಆನ್‌ಲೈನ್ ಫೋಟೋ ಸಂಗ್ರಹ ವಿಕಿಮೀಡಿಯಾ ಕಾಮನ್ಸ್‌ಗೆ ಏರಿಸಿ. ನಕ್ಷೆಯ ಒಂದು ಪ್ರತಿ ಮನೆಯವರಿಗೆ ಕೊಡಿ, ಎಷ್ಟೋ ಜನರ ಹತ್ತಿರ ತಮ್ಮದೇ ಮನೆಯ ಪ್ಲಾನ್ ಇರಲ್ಲ. ಅದನ್ನ ನೋಡಿದ ಮೇಲೆ ಪಕ್ಕದ ಮನೆಯವರು ತಾವಾಗಿಯೇ ಕರೆಯೋದೂ ಉಂಟು.

ಯಾವಾಗ ಶುರು ಮಾಡಲಿ ಅಂದರೆ, ಆಷಾಢಕ್ಕೆ ಮುಂಚೆ ಪರಿಚಯ ಮಾಡಿಕೊಂಡಿರಿ. ಆ ತಿಂಗಳು ಗುದ್ದಲಿ ಪೂಜೆ ಮಾಡೋರು ಕಮ್ಮಿ, ಮಾರಾಟ ಆಗಿರೋ ಮನೆಯೂ ಬೀಗ ಹಾಕಿಕೊಂಡು ಹಾಗೇ ನಿಂತಿರುತ್ತೆ, ಕೀಲಿ ಇರೋರು ಕೇಳಿದರೆ ಒಳಗೆ ಬಿಡುತ್ತಾರೆ. ಶ್ರಾವಣ ಬಂತು ಅಂದರೆ ಗುಜರಿಯವರು ಬಾಗಿಲು, ಕಂಬ ಬಿಚ್ಚೋಕೆ ಬಂದುಬಿಡುತ್ತಾರೆ.