ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದ ಚುನಾವಣೆಯಲ್ಲಿ ಪದವಿ ಇರುವವರೆಲ್ಲ ಮತ ಹಾಕಬಹುದೇ?

ಇಲ್ಲ. ಪದವಿ ಪ್ರಮಾಣಪತ್ರವೂ ವಿಧಾನಸಭೆಯ ಮತದಾರರ ಗುರುತಿನ ಚೀಟಿಯೂ ಎರಡೂ ಕೈಯಲ್ಲಿದ್ದರೂ ಸಾಲದು. ಪದವೀಧರ ಕ್ಷೇತ್ರಕ್ಕೆ ಪ್ರತ್ಯೇಕ ಮತದಾರರ ಪಟ್ಟಿ ಇರುತ್ತದೆ. ಅದನ್ನು ಪ್ರತಿ ಚುನಾವಣೆಗೂ ಹೊಸದಾಗಿಯೇ ತಯಾರಿಸುತ್ತಾರೆ. ಕಳೆದ ಬಾರಿ ಮತ ಹಾಕಿದವರೂ ಮತ್ತೆ ನಮೂನೆ 18ರಲ್ಲಿ ಅರ್ಜಿ ಕೊಡಬೇಕು. ಬಹಳ ಜನ ಎಡವುವುದು ಇಲ್ಲಿಯೇ.

ಅರ್ಹತೆ ಸರಳ: ಭಾರತದ ಪ್ರಜೆಯಾಗಿರಬೇಕು, ಆ ಕ್ಷೇತ್ರದ ಸಾಮಾನ್ಯ ನಿವಾಸಿಯಾಗಿರಬೇಕು, ಅರ್ಹತಾ ದಿನಾಂಕವಾದ ನವೆಂಬರ್ 1ಕ್ಕೆ ಕನಿಷ್ಠ 3 ವರ್ಷ ಮೊದಲೇ ಪದವಿ ಮುಗಿದಿರಬೇಕು. ಹೋದ ವರ್ಷ ಪದವಿ ಪಡೆದವರು ಕಾಯಲೇಬೇಕು. (ಈ ಕಾಯುವಿಕೆಗೆ ಒಪ್ಪುವಂಥ ಕಾರಣ ನನಗಂತೂ ಕಂಡಿಲ್ಲ.)

ಕರ್ನಾಟಕ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ ಪದವೀಧರರಿಗೆ 7, ಶಿಕ್ಷಕರಿಗೆ 7. ಶಿಕ್ಷಕರ ಕ್ಷೇತ್ರದ ನಿಯಮಗಳು ಬೇರೆ.

ಮತದಾನವೂ ಭಿನ್ನ. ಇಲ್ಲಿ ಯಂತ್ರವಿಲ್ಲ, ಮತಪತ್ರವಿದೆ. ಮತಗಟ್ಟೆಯಲ್ಲಿ ಕೊಡುವ ನೇರಳೆ ಬಣ್ಣದ ಪೆನ್ನಿನಿಂದಲೇ, ಮೆಚ್ಚಿದ ಅಭ್ಯರ್ಥಿಯ ಮುಂದೆ 1 ಎಂದು ಬರೆಯಬೇಕು. ನಂತರದ ಪ್ರಾಶಸ್ತ್ಯ (ಆಯ್ಕೆ) ತೋರಿಸಲು ಬೇರೆಯವರ ಮುಂದೆ 2, 3 ಬರೆಯುವುದು ನಿಮ್ಮಿಷ್ಟ. ಸರಿ ಗುರುತು ಹಾಕಿದರೆ, ಸಹಿ ಮಾಡಿದರೆ, ‘ಒಂದು’ ಎಂದು ಅಕ್ಷರದಲ್ಲಿ ಬರೆದರೆ ಮತ ತಿರಸ್ಕೃತ. ಓದಿದವರ ಚುನಾವಣೆಯಲ್ಲೂ ಇಂಥ ಮತಗಳು ರಾಶಿ ಬೀಳುತ್ತವೆ!

ಗೆಲ್ಲಲು ಸಿಂಧು ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬೇಕು. ಯಾರಿಗೂ ಸಿಗದಿದ್ದರೆ ಕೊನೆಯ ಸ್ಥಾನದಲ್ಲಿರುವವರನ್ನು ಕೈಬಿಟ್ಟು, ಅವರ ಮತಪತ್ರಗಳಲ್ಲಿನ ಮುಂದಿನ ಪ್ರಾಶಸ್ತ್ಯವನ್ನು ಉಳಿದವರಿಗೆ ಹಂಚುತ್ತಾ ಹೋಗುತ್ತಾರೆ. ಹಾಗಾಗಿಯೇ ಎಣಿಕೆ ಕೆಲವೊಮ್ಮೆ ಮರುದಿನಕ್ಕೂ ಎಳೆಯುತ್ತದೆ.