ಶಿವರಾತ್ರಿ ಜಾಗರಣೆಯಲ್ಲಿ ಹನ್ನೊಂದಕ್ಕೇ ತೂಕಡಿಕೆ: ಪ್ರತಿಕ್ರಿಯೆ

ಶಿವರಾತ್ರಿಯಂದು ಉಪವಾಸವಿದ್ದು ಜಾಗರಣೆಗೆ ಕುಳಿತರೆ ರಾತ್ರಿ ಹನ್ನೊಂದಕ್ಕೇ ತಲೆನೋವು, ತೂಕಡಿಕೆ ಬರುತ್ತದೆ ಎಂದು ಬರೆದಿದ್ದೀರಿ. ಅದಕ್ಕೆ ಉಪವಾಸವೊಂದೇ ಕಾರಣವಿರಲಾರದು. ನೀವೇ ಬರೆದಂತೆ, ಸಂಜೆ ಏಳಕ್ಕೆ ಕುಳಿತು ಹಾಲು, ಮೊಸರು, ತುಪ್ಪ, ಜೇನು ಎಲ್ಲದರ ಅಭಿಷೇಕವನ್ನೂ ಒಮ್ಮೆಗೇ ಮುಗಿಸುತ್ತೀರಿ. ಆಮೇಲೆ ಬೆಳಗಿನವರೆಗೆ ಕೈಗೆ ಕೆಲಸವಿಲ್ಲ; ನಿದ್ದೆ ಬಾರದೆ ಇನ್ನೇನು? ಅಂದು ಕಾಫಿಯನ್ನೂ ಬಿಡುವವರಾದರೆ ತಲೆನೋವು ಅದರದ್ದೇ ಇರಬಹುದು.

ಬಿಲ್ವವನ್ನು ಹಿಂದಿನ ದಿನವೇ ಕೊಯ್ದು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ; ಶಿವರಾತ್ರಿ ಬೀಳುವ ಚತುರ್ದಶಿಯಂದು ಕೊಯ್ಯಬಾರದೆನ್ನುತ್ತಾರೆ. ಎಲೆ ಆರಿಸಿ, ತೊಟ್ಟಿನ ಬುಡದ ಗಂಟು ಮುರಿಯುವ ಕೆಲಸವನ್ನು ಮಾತ್ರ ರಾತ್ರಿಗೇ ಉಳಿಸಿಕೊಳ್ಳಿ. ತೂಕಡಿಕೆಗೆ ಅದಕ್ಕಿಂತ ಒಳ್ಳೆಯ ಮದ್ದು ನಾನು ಕಂಡಿಲ್ಲ. ಏರಿಸುವಾಗ ಎಲೆಯ ನುಣುಪು ಮೈ ಲಿಂಗಕ್ಕೆ ತಾಗಬೇಕು.

ಸೂರ್ಯಾಸ್ತದಿಂದ ಸೂರ್ಯೋದಯದವರೆಗಿನ ಹೊತ್ತನ್ನು ನಾಲ್ಕು ಯಾಮ ಮಾಡಿ, ಒಂದೊಂದೂ ಸುಮಾರು 3 ಗಂಟೆ. ಮೊದಲನೆಯದಕ್ಕೆ ಹಾಲು, ಬಳಿಕ ಮೊಸರು, ತುಪ್ಪ, ಜೇನು. ಈ ಕ್ರಮ ಮನೆಯಿಂದ ಮನೆಗೆ ಬದಲಾಗುತ್ತದೆ. ನಿಮ್ಮ ಹಿರಿಯರನ್ನು ಕೇಳಿಕೊಳ್ಳಿ. ಅಭಿಷೇಕದ ಹೊತ್ತಿಗೆ ಹೇಳುವ ರುದ್ರ ಮಂತ್ರ ಬಾರದಿದ್ದರೆ ‘ನಮಃ ಶಿವಾಯ’ ಎಂಬ ಪಂಚಾಕ್ಷರಿ ಸಾಕು. ನಡುರಾತ್ರಿಯ ನಿಶೀಥ ಪೂಜೆಯನ್ನು ತಪ್ಪಿಸಬೇಡಿ.

ಕಷ್ಟವಿರುವುದು ಮೂರನೆಯ ಯಾಮದಲ್ಲಿ. ತೀರ್ಥಹಳ್ಳಿಯ ಚಳಿಗೆ ಕಂಬಳಿ ಹೊದ್ದು ಗೋಡೆಗೆ ಒರಗಿದಿರೋ, ಮುಗಿಯಿತು! ಅಂಗಳಕ್ಕೆ ಬಂದು ತಣ್ಣೀರಿನಲ್ಲಿ ಮುಖ ತೊಳೆಯಿರಿ, ಜೀರಿಗೆ, ಕಾಳುಮೆಣಸಿನ ಕಷಾಯವನ್ನು ಬೆಲ್ಲ ಹಾಕಿ ಬಿಸಿಬಿಸಿ ಕುಡಿಯಿರಿ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರಾದರೆ ವೈದ್ಯರನ್ನು ಕೇಳದೆ ನಿರಾಹಾರ ಬೇಡ.

ಬೆಳಗ್ಗೆ ಸ್ನಾನ, ಪೂಜೆ ಮುಗಿಸಿ ಪಾರಣೆ ಮಾಡಿ, ಅಂದರೆ ಊಟ ಮಾಡಿ ಉಪವಾಸ ಬಿಡಿ. ಇಕ್ಕೇರಿಯ ಅಘೋರೇಶ್ವರನ ದರ್ಶನಕ್ಕೆ ಹೊರಡುವುದಾದರೆ ಬಸ್ ಹಿಡಿಯಿರಿ, ನಿದ್ದೆಗೆಟ್ಟ ಕಣ್ಣಿನಲ್ಲಿ ಬೈಕ್ ಬೇಡ.